ಪಾಠವೂ ಪಾಠಾಂತರವೂ: ಶಾಲಾಪುಸ್ತಕದ ತಿದ್ದುಪಡಿಗಳನ್ನು ಕುರಿತ ಒಂದು ವಿಮರ್ಶೆ

ಮದ್ದೂರಿಗೆ ಸಮೀಪದಲ್ಲಿ ಶಿಂಷಾನದಿಯ ದಡದ ಮೇಲಿರುವ ವೈದ್ಯನಾಥಪುರವು ವೈದ್ಯನಾಥೇಶ್ವರನ ದೇವಾಲಯದಿಂದ ಹೆಸರುಗೊಂಡ ಗ್ರಾಮ. ಈ ಸೀಮೆಯು ಶಾಸನಗಳ ಸೀಮೆ. ಮಂಡ್ಯ, ಮದ್ದೂರು, ಮಳವಳ್ಳಿ, ನಾಗಮಂಗಲ ತಾಲ್ಲೂಕುಗಳ ಶಾಸನಗಳು ಎಪಿಗ್ರಾಫಿಯ ಕರ್ನಾಟಿಕದ ಪರಿಷ್ಕೃತ ಆವೃತ್ತಿಯ ಏಳನೆಯ ಸಂಪುಟದಲ್ಲಿ ಒಂದೆಡೆ ಸೇರಿರುವುವು. ಆ ಸಂಪುಟವನ್ನು ತೆರೆದು ನೋಡಿದವರಿಗೆ ಒಂದು ಶಿಸ್ತು ಕಣ್ಣಿಗೆ ಬೀಳುತ್ತದೆ. ಕಲ್ಲಿನಲ್ಲಿ ಅಕ್ಷರ ಅಳಿಸಿಹೋಗಿದ್ದರೆ ಸಂಪಾದಕನು ಅಲ್ಲಿ ಚುಕ್ಕಿಗಳನ್ನಿಟ್ಟು ಮುಂದೆ ಸಾಗುತ್ತಾನೆ. ಊಹೆಯಿಂದ ತುಂಬಿದ್ದರೆ ಅದು ಊಹೆಯೆಂಬುದಕ್ಕೆ ಗುರುತು ಹಾಕುತ್ತಾನೆ. ದಾನಕೊಟ್ಟ ಅರಸನು ತನಗೆ ಪ್ರಿಯನಾದವನೆಂದು ಬಿರುದನ್ನು ಸೇರಿಸುವುದಿಲ್ಲ. ದಾನದ ಕರಾರು ಇಂದಿನವರಿಗೆ ನೋವುಂಟುಮಾಡುವುದೆಂದು ಸಾಲನ್ನು ಬಿಡುವುದಿಲ್ಲ. ಓಲೆಗರಿಯ ಕಾವ್ಯವನ್ನು ಸಂಪಾದಿಸುವವನೂ ಹೀಗೆಯೇ. ತಾನು ಮೂಲವಾಗಿ ಹಿಡಿದ ಪ್ರತಿ ಯಾವುದು, ಬೇರೆ ಪ್ರತಿಗಳಲ್ಲಿ ದೊರೆತ ಪಾಠಾಂತರಗಳು ಯಾವುವು ಎಂಬುದನ್ನು ಅಡಿಯಲ್ಲಿ ಕೊಡದಿದ್ದರೆ ಅವನ ಕೆಲಸವನ್ನು ವಿದ್ವಾಂಸರು ಸಂಪಾದನೆಯೆಂದು ಒಪ್ಪುವುದಿಲ್ಲ.

ಈ ನಿಯಮವನ್ನು ಹಳೆಗನ್ನಡ ಗ್ರಂಥಗಳಿಗೆ ಮಾತ್ರ ಮೀಸಲಾಗಿಟ್ಟು, ನಾಡಿನಲ್ಲಿ ಎಲ್ಲಕ್ಕಿಂತ ಹೆಚ್ಚು ಜನ ಓದುವ ಗ್ರಂಥಕ್ಕೆ ನಾವು ಅನ್ವಯಿಸದೆ ಇದ್ದೇವೆ. ಆ ಗ್ರಂಥವೆಂದರೆ ಸರ್ಕಾರದ ಶಾಲಾಪುಸ್ತಕ. ಪಂಪನನ್ನು ಓದದವನುಂಟು; ಏಳನೆಯ ತರಗತಿಯ ಪುಸ್ತಕವನ್ನು ಓದದ ಅಕ್ಷರಸ್ಥನು ಅಪರೂಪ. ಹಾಗಿದ್ದರೂ ಅದನ್ನು ವಿಮರ್ಶೆಗೆ ತಕ್ಕ ಗ್ರಂಥವೆಂದು ನಾವು ಎಣಿಸಿಲ್ಲ. ಅದರ ವಿಚಾರವನ್ನು ದಿನಪತ್ರಿಕೆಗಳ ವಾಗ್ವಾದಕ್ಕೂ ಸಭೆಗಳ ಘೋಷಣೆಗೂ ಬಿಟ್ಟುಕೊಟ್ಟಿದ್ದೇವೆ. ಜಾತಿಯನ್ನೂ ಹೆಣ್ಣಿನ ಸ್ಥಾನವನ್ನೂ ಶಾಲೆಯಲ್ಲಿ ಹೇಗೆ ಹೇಳಬಹುದು, ಎಷ್ಟು ಹೇಳಬಹುದು, ಹೇಳಬಾರದೆಂದು ತಡೆಯುವ ಅಧಿಕಾರ ಯಾರದು ಎಂಬ ಪ್ರಶ್ನೆಯು ಕನ್ನಡ ನಾಡಿನಲ್ಲಿ ೨೦೨೦ರಿಂದೀಚೆಗೆ ತೀವ್ರವಾಗಿ ಎದ್ದಿರುವ ಕಾರಣ, ಪಾಠಶೋಧನೆಯ ದೃಷ್ಟಿಯಿಂದ ಅದನ್ನು ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ.

೧

ಮೊದಲು ನಡೆದ ಸಂಗತಿಗಳನ್ನು ಕ್ರಮವಾಗಿ ಹೇಳಬೇಕು. ಬರಗೂರು ರಾಮಚಂದ್ರಪ್ಪನವರ ಅಧ್ಯಕ್ಷತೆಯ ಸಮಿತಿಯು ಪರಿಷ್ಕರಿಸಿದ ಪುಸ್ತಕಗಳು ೨೦೧೭-೧೮ರ ಸುಮಾರಿಗೆ ಶಾಲೆಗಳಿಗೆ ಬಂದುವು. ೨೦೨೦ರ ಡಿಸೆಂಬರಿನಲ್ಲಿ, ಆರನೆಯ ತರಗತಿಯ ಸಮಾಜವಿಜ್ಞಾನದಲ್ಲಿ ಹೊಸ ಧರ್ಮಗಳ ಉದಯಕ್ಕೆ ಕಾರಣಗಳನ್ನು ಹೇಳುವ ಭಾಗವು ಬ್ರಾಹ್ಮಣರ ಮನಸ್ಸನ್ನು ನೋಯಿಸುವುದೆಂಬ ದೂರು ಬಂದು, ಅಂದಿನ ಶಿಕ್ಷಣಮಂತ್ರಿಗಳಾದ ಸುರೇಶ್ ಕುಮಾರ್ ಅವರು ಅದನ್ನು ಕೈಬಿಡುವಂತೆ ಆಜ್ಞಾಪಿಸಿದರು. ಅದರ ಮುಂದಿನ ಹೆಜ್ಜೆಯಾಗಿ ರೋಹಿತ್ ಚಕ್ರತೀರ್ಥರ ಅಧ್ಯಕ್ಷತೆಯಲ್ಲಿ ಬೇರೊಂದು ಸಮಿತಿ ನೇಮಕವಾಯಿತು. ಅದು ತಿದ್ದಿದ ಪುಸ್ತಕಗಳು ೨೦೨೨ರ ಮೇ ತಿಂಗಳಲ್ಲಿ ಬೆಳಕಿಗೆ ಬಂದಾಗ ನಾಡಿನಲ್ಲಿ ದೊಡ್ಡ ವಿವಾದವೆದ್ದಿತು. ಜೂನ್ ಮೊದಲಲ್ಲಿ ಸರ್ಕಾರವು ಸಮಿತಿಯನ್ನು ವಿಸರ್ಜಿಸಿ, ಆಕ್ಷೇಪಣೆಗೆ ಗುರಿಯಾದ ಕೆಲವು ಸ್ಥಳಗಳನ್ನು ಸರಿಪಡಿಸಿ ತಿದ್ದೋಲೆಯನ್ನು ಹೊರಡಿಸಿತು. ೨೦೨೩ರ ಮೇ ತಿಂಗಳಲ್ಲಿ ಸರ್ಕಾರ ಬದಲಾಯಿತು. ಜೂನ್ ತಿಂಗಳ ಸಚಿವಸಂಪುಟವು ಹೆಡಗೇವಾರ್ ಅವರ ಭಾಷಣ, ಸಾವರ್ಕರರನ್ನು ಕುರಿತ ಪಾಠ ಮುಂತಾದುವನ್ನು ತೆಗೆದು, ಸಾವಿತ್ರಿಬಾಯಿ ಫುಲೆಯವರನ್ನು ಕುರಿತ ಪಾಠ, ಅಂಬೇಡ್ಕರರನ್ನು ಕುರಿತ ಕವಿತೆ, ನೆಹರೂ ಅವರು ಮಗಳಿಗೆ ಬರೆದ ಪತ್ರ ಮೊದಲಾದುವನ್ನು ಸೇರಿಸಲು ನಿಶ್ಚಯಿಸಿತು. ಆಗಲೇ ಪುಸ್ತಕಗಳು ಅಚ್ಚಾಗಿ ಶಾಲೆಗಳನ್ನು ಸೇರಿದ್ದುದರಿಂದ ಪೂರಕ ಪುಸ್ತಿಕೆಯೊಂದನ್ನು ಕಳುಹಿಸಬೇಕಾಯಿತು. ಬಳಿಕ ಮಂಜುನಾಥ ಹೆಗಡೆಯವರ ಅಧ್ಯಕ್ಷತೆಯ ಸಮಿತಿಯು ಮತ್ತೊಮ್ಮೆ ಪರಿಷ್ಕರಿಸಿತು. ಆ ಪುಸ್ತಕಗಳು ೨೦೨೪ರಲ್ಲಿ ಬಂದುವು.

ಏಳೆಂಟು ವರ್ಷಗಳಲ್ಲಿ ಒಂದೇ ಪುಸ್ತಕಕ್ಕೆ ಇಷ್ಟು ಪರಿಷ್ಕರಣಗಳು. ಇವಾವುವೂ ಶಾಸನಸಭೆಯಲ್ಲಿ ಚರ್ಚೆಯಾಗಿ ಕಾಯಿದೆಯಾದುವಲ್ಲ. ಆಜ್ಞೆ, ಸುತ್ತೋಲೆ, ಸಂಪುಟದ ನಿರ್ಣಯ ಇವುಗಳ ಮೂಲಕ ನಡೆದುವು. ಕಾಯಿದೆಗಾದರೆ ಮಸೂದೆಯೆಂಬುದುಂಟು, ತಿದ್ದುಪಡಿಯ ದಾಖಲೆಯುಂಟು, ಯಾರು ಏನೆಂದರೆಂಬ ವರದಿಯುಂಟು. ಆಜ್ಞೆಗೆ ಇವು ಬೇಕಿಲ್ಲ. ಹಳೆಯ ಪುಸ್ತಕವನ್ನು ಮಗುವಿನ ಕೈಯಿಂದ ತೆಗೆದುಕೊಂಡು ಹೊಸದನ್ನು ಕೊಟ್ಟರೆ ಹಿಂದಿನ ಪಾಠ ಇದ್ದಿತೆಂಬುದೇ ಅದಕ್ಕೆ ತಿಳಿಯದು.

೨

ಈಗ ಮೂರು ಸ್ಥಳಗಳನ್ನು ಪರೀಕ್ಷಿಸೋಣ.

ಮೊದಲನೆಯದು ಬಸವಣ್ಣನವರನ್ನು ಕುರಿತದ್ದು. ಒಂಬತ್ತನೆಯ ತರಗತಿಯ ಹಿಂದಿನ ಪಾಠವು ಅವರು ಜನಿವಾರವನ್ನು ತ್ಯಜಿಸಿ ಕೂಡಲಸಂಗಮಕ್ಕೆ ಹೋದರೆಂದು ಹೇಳಿದ್ದಿತು. ೨೦೨೨ರ ಪಾಠವು ಉಪನಯನವಾದ ಮೇಲೆ ಹೋದರೆಂದು ಹೇಳಿತು. ವ್ಯಾಕರಣದಲ್ಲಿ ನೋಡಿದರೆ ವ್ಯತ್ಯಾಸ ಒಂದು ಕ್ರಿಯಾಪದದ್ದು. ಅರ್ಥದಲ್ಲಿ ನೋಡಿದರೆ ಒಂದು ಚಳವಳಿಯದ್ದು. ಮೊದಲ ವಾಕ್ಯದಲ್ಲಿ ಹುಡುಗನು ಏಕೆ ಹೋದನೆಂಬುದಕ್ಕೆ ಕಾರಣವಿದೆ. ಎರಡನೆಯದರಲ್ಲಿ ಹೋದನೆಂಬ ಸಂಗತಿ ಮಾತ್ರ ಉಳಿದು ಕಾರಣವು ಮಾಯವಾಗಿದೆ. ವಚನಸಾಹಿತ್ಯವನ್ನು ಬೋಧಿಸುವ ಯಾವ ಅಧ್ಯಾಪಕನೂ ಇದರ ಪರಿಣಾಮವನ್ನು ಬಲ್ಲನು. ಹುಟ್ಟಿನಿಂದ ಬಂದ ಹೆಚ್ಚಳವನ್ನು ಒಬ್ಬನು ತಾನಾಗಿ ಕಳಚಿಹಾಕಿದನೆಂಬುದು ತಿಳಿಯದಿದ್ದರೆ ಮುಂದೆ ಅನುಭವ ಮಂಟಪವೂ ಅಲ್ಲಿ ಕುಳಿತ ಕಾಯಕದವರೂ ಅರ್ಥವಾಗುವುದಿಲ್ಲ. ಸಾಣೇಹಳ್ಳಿಯ ಪಂಡಿತಾರಾಧ್ಯ ಸ್ವಾಮಿಗಳೇ ಮೊದಲಾದವರು ಆಕ್ಷೇಪಿಸಿದುದರಲ್ಲಿ ಆಶ್ಚರ್ಯವಿಲ್ಲ.

ಎರಡನೆಯದು ಅಂಬೇಡ್ಕರರ ಹೆಸರಿನ ಹಿಂದಿದ್ದ ‘ಸಂವಿಧಾನ ಶಿಲ್ಪಿ’ ಎಂಬ ವಿಶೇಷಣ. ೨೦೨೨ರ ಪುಸ್ತಕದಲ್ಲಿ ಅದು ಕಾಣೆಯಾಗಿ, ತಿದ್ದೋಲೆಯಲ್ಲಿ ಮರಳಿ ಬಂದಿತು. ವಿಶೇಷಣವು ಅಲಂಕಾರ, ಹೋದರೆ ನಷ್ಟವೇನೆಂದು ಕೇಳುವವರಿದ್ದಾರೆ. ನಮ್ಮ ಶಾಸನಗಳನ್ನೇ ಕೇಳಬಹುದು. ಅರಸನ ಬಿರುದಾವಳಿಯಲ್ಲಿ ಒಂದು ಬಿರುದು ಒಂದು ವರ್ಷದಿಂದ ಕಾಣದೆ ಹೋದರೆ, ಯುದ್ಧದಲ್ಲಿ ಸೋತನೋ ಸಾಮಂತನಾದನೋ ಎಂದು ಚರಿತ್ರಕಾರನು ಹುಡುಕುತ್ತಾನೆ. ಬಿರುದಿನ ಲೋಪವು ಅಧಿಕಾರದ ವರ್ತಮಾನವನ್ನು ಹೇಳುತ್ತದೆ. ಕರಡು ಸಮಿತಿಯ ಅಧ್ಯಕ್ಷರಾಗಿದ್ದವರು ಅಸ್ಪೃಶ್ಯರೆನಿಸಿದ ಕುಲದಲ್ಲಿ ಹುಟ್ಟಿದವರೆಂಬುದು, ಅದೇ ಕುಲದ ಮಗುವೊಂದು ಹಿಂದಿನ ಬೆಂಚಿನಲ್ಲಿ ಕುಳಿತು ಓದುವಾಗ, ಅಲಂಕಾರದ ಮಾತಲ್ಲ.

ಮೂರನೆಯದು ೨೦೨೦ರಲ್ಲಿ ಕೈಬಿಟ್ಟ ಆರನೆಯ ತರಗತಿಯ ಭಾಗ. ಯಜ್ಞಯಾಗಗಳಿಗೂ ಆಹಾರದ ಅಭಾವಕ್ಕೂ ಅದು ಕಾರಣಸಂಬಂಧವನ್ನು ಕಲ್ಪಿಸಿದ್ದಿತು. ಇಲ್ಲಿ ಪಕ್ಷಪಾತವಿಲ್ಲದೆ ಹೇಳಬೇಕಾದ ಮಾತೊಂದುಂಟು. ಜೈನ ಬೌದ್ಧ ಧರ್ಮಗಳ ಉದಯವನ್ನು ಹನ್ನೊಂದು ವರ್ಷದ ಮಗುವಿಗೆ ಹೇಳುವಾಗ ದೊಡ್ಡ ಚರ್ಚೆಯೊಂದನ್ನು ಎರಡು ವಾಕ್ಯಕ್ಕೆ ಇಳಿಸಬೇಕಾಗುತ್ತದೆ. ಇಳಿಸುವಾಗ ಒರಟಾಗುವ ಸಂಭವವುಂಟು. ಆ ಭಾಗವನ್ನು ಆಧಾರಗಳ ಮೇಲೆ ಪರೀಕ್ಷಿಸಿ, ಕಾರಣಗಳು ಹಲವೆಂದು ತಿದ್ದಬಹುದಾಗಿದ್ದಿತು. ನಡೆದುದು ಅದಲ್ಲ. ಆಧಾರವಿದೆಯೇ ಎಂಬ ಪ್ರಶ್ನೆಗೆ ಮುಂಚೆ ನೋವಾಯಿತೆಂಬ ಉತ್ತರ ಬಂದಿತು; ಆ ಉತ್ತರವೇ ಸಾಕಾಯಿತು.

ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಒಂದರಲ್ಲಿ ನೊಂದವರು ಬ್ರಾಹ್ಮಣರು, ಇನ್ನೊಂದರಲ್ಲಿ ಲಿಂಗಾಯತರು, ಮತ್ತೊಂದರಲ್ಲಿ ದಲಿತರು. ಮೂವರ ನೋವೂ ನಿಜವಾಗಿರಬಹುದು. ಆದರೆ ನೋವು ಎಲ್ಲ ಕಡೆಯಿಂದಲೂ ಬರುವಂತಹುದಾದ್ದರಿಂದಲೇ ಅದು ಪಾಠವನ್ನು ಅಳೆಯುವ ಕೋಲಾಗಲಾರದು. ನೋವನ್ನು ಅಳತೆಯಾಗಿಟ್ಟುಕೊಂಡರೆ, ಸಂಖ್ಯೆಯಲ್ಲೋ ಅಧಿಕಾರದಲ್ಲೋ ಬಲವಾದವರ ನೋವು ಮಾತ್ರ ಆಜ್ಞೆಯಾಗುತ್ತದೆ. ಉಳಿದವರದು ಅರ್ಜಿಯಾಗಿ ಉಳಿಯುತ್ತದೆ. ಬಸವಣ್ಣನವರ ಪಾಠವನ್ನು ಸರಿಪಡಿಸಬೇಕಾದುದು ಸ್ವಾಮಿಗಳು ಮುನಿದರೆಂಬ ಕಾರಣಕ್ಕಲ್ಲ. ಬಸವಣ್ಣನವರ ವಚನಗಳೂ ಹರಿಹರನ ರಗಳೆಯೇ ಮೊದಲಾದ ಆಧಾರಗಳೂ ಏನನ್ನು ಹೇಳುವುವೆಂಬ ಕಾರಣಕ್ಕೆ.

೩

ಇದು ನಮ್ಮ ನಾಡಿನ ವ್ಯಾಧಿ ಮಾತ್ರವಲ್ಲ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ೨೦೨೧ರಿಂದ ಟೆಕ್ಸಾಸ್ ಮೊದಲಾದ ಹಲವು ಸಂಸ್ಥಾನಗಳು ವರ್ಣಭೇದ ಮತ್ತು ಲಿಂಗಭೇದಗಳನ್ನು ಶಾಲೆಯಲ್ಲಿ ಹೇಗೆ ಬೋಧಿಸಬಾರದೆಂದು ಕಾಯಿದೆಗಳನ್ನೇ ಮಾಡಿದುವು. ಫ್ಲಾರಿಡದ ೨೦೨೨ರ ಕಾಯಿದೆಯು ಎಂಟು ಭಾವನೆಗಳನ್ನು ಪಟ್ಟಿಮಾಡಿತು. ತನ್ನ ವರ್ಣದವರೋ ಲಿಂಗದವರೋ ಹಿಂದೆ ಮಾಡಿದ ಕೃತ್ಯಗಳಿಗಾಗಿ ಒಬ್ಬನು ಅಪರಾಧಭಾವವನ್ನೂ ಸಂಕಟವನ್ನೂ ಪಡಬೇಕೆಂಬ ಬೋಧನೆಯು ಅವುಗಳಲ್ಲೊಂದು. ಈ ನಿಷೇಧವು ಶಾಲೆಗೆ ನಿಲ್ಲದೆ, ನೌಕರರಿಗೆ ಯಜಮಾನನು ಕಡ್ಡಾಯವಾಗಿ ಕೊಡಿಸುವ ಶಿಕ್ಷಣಕ್ಕೂ ವ್ಯಾಪಿಸಿತು. ಉದ್ಯೋಗಸ್ಥಳಕ್ಕೆ ಸಂಬಂಧಿಸಿದ ಭಾಗವು ವಾಕ್‌ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ಕೆಳಗಿನ ನ್ಯಾಯಾಲಯವು ೨೦೨೨ರಲ್ಲಿ ತಡೆದುದನ್ನು ಮೇಲಿನ ನ್ಯಾಯಾಲಯವು ೨೦೨೪ರ ಮಾರ್ಚಿನಲ್ಲಿ ಎತ್ತಿಹಿಡಿಯಿತು.

ಆ ಕಾಯಿದೆಯ ಪಕ್ಷದಲ್ಲಿ ಹೇಳಬಹುದಾದುದನ್ನು ನ್ಯಾಯವಾಗಿ ಹೇಳಬೇಕು. ತಾನು ಮಾಡದ ಪಾಪಕ್ಕೆ ಮಗುವನ್ನು ತರಗತಿಯಲ್ಲಿ ನಿಲ್ಲಿಸಿ ಹೊಣೆಮಾಡುವುದು ಅನ್ಯಾಯ. ಮೇಲುಜಾತಿಯಲ್ಲಿ ಹುಟ್ಟಿದ ಹುಡುಗನನ್ನು ನೋಡಿ, ನಿನ್ನ ಅಜ್ಜನು ಹೀಗೆ ಮಾಡಿದನೆಂದು ಹಂಗಿಸುವ ಉಪಾಧ್ಯಾಯನು ಉಪಾಧ್ಯಾಯನಲ್ಲ. ಇದನ್ನು ಒಪ್ಪಿಯೂ ಕೇಳಬೇಕಾದ ಪ್ರಶ್ನೆ ಉಳಿಯುತ್ತದೆ: ಹಂಗಿಸುವುದಕ್ಕೂ ತಿಳಿಸುವುದಕ್ಕೂ ನಡುವಣ ಗೆರೆಯನ್ನು ಕಾಯಿದೆಯು ಎಳೆಯಬಲ್ಲದೆ? ಸಂಕಟವು ಕೇಳುವವನ ಎದೆಯಲ್ಲಿ ಹುಟ್ಟುವಂತಹುದು. ಅದನ್ನು ಮೊದಲೇ ಊಹಿಸಿ ಹೆದರುವ ಉಪಾಧ್ಯಾಯನು ಹಂಗಿಸುವುದನ್ನು ಮಾತ್ರವಲ್ಲ, ತಿಳಿಸುವುದನ್ನೂ ಬಿಟ್ಟುಬಿಡುತ್ತಾನೆ.

ನಮ್ಮವರು ಪರದೇಶದಲ್ಲಿಯೂ ಈ ವಿವಾದದಿಂದ ಹೊರಗಿಲ್ಲ. ಕ್ಯಾಲಿಫೋರ್ನಿಯದ ಆರನೆಯ ತರಗತಿಯ ಚರಿತ್ರೆಯಲ್ಲಿ ಪ್ರಾಚೀನ ಭಾರತದ ಜಾತಿಪದ್ಧತಿಯನ್ನೂ ಸ್ತ್ರೀಯರ ಸ್ಥಿತಿಯನ್ನೂ ಕುರಿತ ವಾಕ್ಯಗಳನ್ನು ಬದಲಿಸಬೇಕೆಂದು ಕೆಲವು ಹಿಂದೂ ಸಂಸ್ಥೆಗಳು ೨೦೦೫-೦೬ರಲ್ಲಿ ಕೇಳಿದುವು. ಮೈಕೇಲ್ ವಿಟ್ಜೆಲ್ ಮೊದಲಾದ ವಿದ್ವಾಂಸರು ವಿರೋಧಿಸಿದರು. ದಲಿತ ಸಂಘಗಳೂ ಮಾತಾಡಿದುವು. ಅಲ್ಲಿ ಅಲ್ಪಸಂಖ್ಯಾತರಾಗಿ ವರ್ಣಭೇದಕ್ಕೆ ಗುರಿಯಾಗಬಹುದಾದ ಮಕ್ಕಳ ತಾಯಿತಂದೆಗಳಿಗೆ, ತಮ್ಮ ಮಗು ತರಗತಿಯಲ್ಲಿ ನಗೆಪಾಟಲಾಗಬಾರದೆಂಬ ಕಳಕಳಿ ಸಹಜ. ಆದರೆ ಅದೇ ತರಗತಿಯಲ್ಲಿ ಕುಳಿತ ದಲಿತ ಮಗುವಿನ ಚರಿತ್ರೆಯನ್ನು ಅಳಿಸಿ ಆ ಕಳಕಳಿಯನ್ನು ತೀರಿಸಿಕೊಳ್ಳುವುದು ಒಬ್ಬರ ಸಂಕೋಚವನ್ನು ಇನ್ನೊಬ್ಬರ ಮೌನದಿಂದ ಕೊಂಡಂತೆ.

೪

ಸಾಹಿತ್ಯಪಾಠಗಳ ವಿಷಯದಲ್ಲಿ ಬೇರೊಂದು ಪ್ರಶ್ನೆ ಎದ್ದಿತು. ತಮ್ಮ ‘ಎದೆಗೆ ಬಿದ್ದ ಅಕ್ಷರ’ವನ್ನು ಹತ್ತನೆಯ ತರಗತಿಯಲ್ಲಿ ಪಾಠವಾಗಿಡಲು ಕೊಟ್ಟಿದ್ದ ಅನುಮತಿಯನ್ನು ದೇವನೂರ ಮಹಾದೇವರು ೨೦೨೨ರ ಮೇ ತಿಂಗಳಲ್ಲಿ ಹಿಂತೆಗೆದುಕೊಂಡರು, ಭಗತ್ ಸಿಂಗರನ್ನು ಕುರಿತ ಪಾಠವನ್ನು ಬರೆದ ಜಿ. ರಾಮಕೃಷ್ಣರೂ ಹಾಗೆಯೇ ಮಾಡಿದರು. ಮುಂದಿನ ವರ್ಷ ದೆಹಲಿಯಲ್ಲಿ ಯೋಗೇಂದ್ರ ಯಾದವ್ ಮತ್ತು ಸುಹಾಸ್ ಪಳಶೀಕರರು, ಎನ್.ಸಿ.ಇ.ಆರ್.ಟಿ.ಯ ರಾಜ್ಯಶಾಸ್ತ್ರ ಪುಸ್ತಕಗಳಿಂದ ಜನಾಂದೋಲನಗಳ ಅಧ್ಯಾಯವೇ ಮೊದಲಾದುವು ಹೋದ ಮೇಲೆ, ಆ ಪುಸ್ತಕಗಳಲ್ಲಿ ತಮ್ಮ ಹೆಸರು ಬೇಡವೆಂದು ಕೇಳಿಕೊಂಡರು. ಪಾಠವೆಂಬುದು ಒಂಟಿಯಾಗಿ ನಿಲ್ಲುವುದಿಲ್ಲ, ಪಕ್ಕದ ಪಾಠದೊಡನೆ ಸೇರಿ ಅರ್ಥಕೊಡುತ್ತದೆಂಬ ಸಾಹಿತ್ಯತತ್ತ್ವವೇ ಇವರ ನಡತೆಯ ತಳದಲ್ಲಿರುವುದು. ಸಂಕಲನವೂ ಒಂದು ಕೃತಿ. ಅದಕ್ಕೂ ಒಂದು ಧ್ವನಿಯುಂಟು. ಈ ನಿರಾಕರಣವನ್ನು ರಾಜಕೀಯವೆಂದು ಮಾತ್ರ ಬಗೆಯುವವರು ಧ್ವನಿವಿಚಾರವನ್ನು ಮರೆತವರು.

ಹಾಗಿದ್ದರೂ ಈ ನಿರಾಕರಣಕ್ಕೆ ಒಂದು ಬೆಲೆಯಿದ್ದಿತೆಂಬುದನ್ನು ಹೇಳದೆ ಬಿಡಲಾಗದು. ಲೇಖಕನು ಹಿಂದೆ ಸರಿದಾಗ ಸರ್ಕಾರಕ್ಕೆ ಆಗುವ ನಷ್ಟಕ್ಕಿಂತ ಮಗುವಿಗೆ ಆಗುವ ನಷ್ಟ ಹೆಚ್ಚು. ೨೦೨೨ರಲ್ಲಿ ಸಾರಾ ಅಬೂಬಕ್ಕರ್ ಅವರ ‘ಯುದ್ಧ’ವೂ ಹತ್ತನೆಯ ತರಗತಿಯಿಂದ ಹೋಗಿದ್ದಿತು. ಕಾಸರಗೋಡಿನಲ್ಲಿ ಹುಟ್ಟಿ ಕನ್ನಡದಲ್ಲಿ ಮುಸ್ಲಿಂ ಹೆಂಗಸಿನ ಬಾಳನ್ನು ಬರೆದ ಆ ಲೇಖಕಿಯ ಕಥೆಯಲ್ಲಿ, ಶತ್ರುದೇಶದವನಾದ ವೈದ್ಯನೊಬ್ಬನು ಹೆರಿಗೆಯ ನೋವಿನಲ್ಲಿರುವ ಹೆಂಗಸಿನ ಮನೆಯನ್ನು ಹೊಗುತ್ತಾನೆ. ಯುದ್ಧವು ಹೆಣ್ಣಿನ ಕಣ್ಣಿಗೆ ಹೇಗೆ ಕಾಣುವುದೆಂಬುದನ್ನು ಹದಿನೈದರ ಹುಡುಗರಿಗೆ ಅಷ್ಟು ಚಿಕ್ಕದಾಗಿ ಹೇಳುವ ಗದ್ಯ ನಮ್ಮಲ್ಲಿ ಹೆಚ್ಚಿಲ್ಲ. ೨೦೨೩ರಲ್ಲಿ ಅದು ಮರಳಿ ಸೇರಿತು. ಆದರೆ ಆ ವರ್ಷದ ಜನವರಿಯಲ್ಲಿಯೇ ಲೇಖಕಿಯು ತೀರಿಕೊಂಡಿದ್ದರು. ನಡುವಣ ಒಂದು ವರ್ಷ ಹತ್ತನೆಯ ತರಗತಿಯನ್ನು ದಾಟಿದವರು ಆ ಪಾಠವನ್ನು ಕಾಣದೆಯೇ ದಾಟಿದರು.

೫

ವಿಮರ್ಶೆಯು ಗ್ರಂಥದಿಂದ ನೆಲಕ್ಕಿಳಿಯಬೇಕಾದ ಸ್ಥಳ ಇದು. ಜಾತಿ ಮತ್ತು ಹೆಣ್ಣಿನ ವಿಚಾರಗಳು ಮಕ್ಕಳಿಗೆ ಏಕೆ, ಅವು ತಾವಾಗಿ ಮರೆಯಾಗುತ್ತಿಲ್ಲವೆ ಎಂಬ ಆಕ್ಷೇಪಣೆಗೆ ಮಂಡ್ಯದ ಸೀಮೆಯೇ ಉತ್ತರ ಕೊಡುತ್ತದೆ. ೨೦೧೧ರಲ್ಲಿ ಮದ್ದೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ದಲಿತ ಯುವಕನನ್ನು ಪ್ರೀತಿಸಿದಳೆಂಬ ಕಾರಣಕ್ಕೆ ಯುವತಿಯೊಬ್ಬಳು ತನ್ನವರಿಂದಲೇ ಹತಳಾದಳೆಂಬ ಪ್ರಕರಣವು ನಾಡನ್ನು ತಲ್ಲಣಗೊಳಿಸಿತು. ೨೦೨೩ರ ಅಕ್ಟೋಬರಿನಲ್ಲಿ ಬೆಂಗಳೂರಿನ ಪೊಲೀಸರು ಒಂದು ಜಾಲವನ್ನು ಬಯಲಿಗೆಳೆದರು: ಮಂಡ್ಯ ತಾಲ್ಲೂಕಿನ ಒಂದು ಆಲೆಮನೆಯಲ್ಲಿ ಗರ್ಭಸ್ಥ ಶಿಶುವಿನ ಲಿಂಗವನ್ನು ಯಂತ್ರದಿಂದ ಪತ್ತೆಮಾಡಲಾಗುತ್ತಿದ್ದಿತೆಂದು ತನಿಖೆಯಿಂದ ಹೊರಬಿದ್ದಿತು. ಆರೋಪಿಗಳಲ್ಲಿ ವೈದ್ಯರೂ ಪ್ರಯೋಗಶಾಲೆಯ ತಂತ್ರಜ್ಞರೂ ಇದ್ದರು. ಕಬ್ಬಿನ ಹಾಲು ಕಾಯುವ ಕೊಪ್ಪರಿಗೆಯ ಪಕ್ಕದಲ್ಲಿ ಹೆಣ್ಣು ಶಿಶುವಿನ ಹಣೆಬರಹ ತೀರ್ಮಾನವಾಗುತ್ತಿದ್ದಿತೆಂಬ ಆರೋಪವನ್ನು ಓದಿದ ಮೇಲೆ, ಇದು ಅಕ್ಷರವಿಲ್ಲದವರ ಕೆಲಸವೆಂದು ಯಾರೂ ಹೇಳಲಾರರು. ಲಿಂಗಪತ್ತೆಯನ್ನು ನಿಷೇಧಿಸುವ ಕಾಯಿದೆ ೧೯೯೪ರಿಂದಲೇ ಇದೆ. ಅಂಕಗಳು ಬಂದಿದ್ದುವು; ಅಕ್ಷರವು ಎದೆಯನ್ನು ಮುಟ್ಟಿರಲಿಲ್ಲ.

ಇದಲ್ಲದೆ, ನಮ್ಮ ದೇಶದ ಕಾನೂನು ಫ್ಲಾರಿಡದ ಕಾನೂನಿಗೆ ನೇರವಾಗಿ ವಿರುದ್ಧ ದಿಕ್ಕಿನಲ್ಲಿ ಮುಖಮಾಡಿದೆಯೆಂಬುದನ್ನು ಅಧ್ಯಾಪಕರು ನೆನಪಿಡುವುದೊಳ್ಳೆಯದು. ಸಂವಿಧಾನದ ೧೭ನೆಯ ಅನುಚ್ಛೇದವು ಅಸ್ಪೃಶ್ಯತೆಯನ್ನು ರದ್ದುಮಾಡುತ್ತದೆ. ರದ್ದಾದುದು ಏನೆಂದು ಹೇಳದೆ ಆ ಅನುಚ್ಛೇದವನ್ನು ಬೋಧಿಸುವ ಬಗೆ ಯಾರಿಗೂ ತಿಳಿಯದು. ಸ್ತ್ರೀಯರ ಗೌರವಕ್ಕೆ ಕುಂದುಂಟುಮಾಡುವ ಆಚರಣೆಗಳನ್ನು ತೊರೆಯುವುದು ೫೧ಎ ಅನುಚ್ಛೇದದಲ್ಲಿ ಹೇಳಿರುವ ಮೂಲಭೂತ ಕರ್ತವ್ಯ. ಅದನ್ನು ಪಠ್ಯಕ್ರಮದ ಧ್ಯೇಯಗಳಲ್ಲಿ ಒಂದಾಗಿ ೧೯೮೩ರ ಕರ್ನಾಟಕ ಶಿಕ್ಷಣ ಕಾಯಿದೆಯು ಎತ್ತಿಹೇಳುತ್ತದೆ. ಉದ್ಯೋಗಸ್ಥಳದ ಮಾತು ಬಂದರೆ, ೧೯೯೭ರ ವಿಶಾಖ ತೀರ್ಪಿನ ಬೆನ್ನಿಗೆ ಬಂದ ೨೦೧೩ರ ಕಾಯಿದೆಯು ನೌಕರರಿಗೆ ಕಾಲಕಾಲಕ್ಕೆ ತಿಳಿವಳಿಕೆಯ ಶಿಬಿರಗಳನ್ನು ನಡೆಸುವುದು ಯಜಮಾನನ ಕರ್ತವ್ಯವೆಂದು ವಿಧಿಸುತ್ತದೆ. ಹತ್ತು ಮಂದಿಗಿಂತ ಕಡಮೆ ಕೆಲಸಗಾರರಿರುವ ಸ್ಥಳಗಳ ಹೆಂಗಸರ ದೂರನ್ನು ಕೇಳಲು ಜಿಲ್ಲೆಗೊಂದು ಸ್ಥಳೀಯ ಸಮಿತಿಯಿರಬೇಕು. ಆಲೆಮನೆಯೂ ಅದರ ವ್ಯಾಪ್ತಿಗೆ ಬರುತ್ತದೆ. ಅಲ್ಲಿ ಬೋಧನೆಯನ್ನು ತಡೆಯುವ ಕಾಯಿದೆ. ಇಲ್ಲಿ ಬೋಧಿಸೆಂದು ಆಜ್ಞಾಪಿಸುವ ಕಾಯಿದೆ. ಕಾಯಿದೆಯು ಕೊಟ್ಟುದನ್ನು ಸುತ್ತೋಲೆಯು ಕಸಿದುಕೊಳ್ಳಬಾರದು.

೬

ಇಷ್ಟು ಹೇಳಿದ ಮೇಲೆ ೨೦೨೩ರ ಹಿಂದಿರುಗುವಿಕೆಯನ್ನು ಹೊಗಳಿ ಮುಗಿಸಬಹುದೆಂದು ಕೆಲವರು ನಿರೀಕ್ಷಿಸಬಹುದು. ಮರಳಿ ಬಂದ ಪಾಠಗಳು ಒಳ್ಳೆಯವೆಂಬುದರಲ್ಲಿ ನಮಗೆ ಸಂಶಯವಿಲ್ಲ. ೧೮೪೮ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳಿಗಾಗಿ ಶಾಲೆ ತೆರೆದ ಸಾವಿತ್ರಿಬಾಯಿಯವರ ಚರಿತ್ರೆಯನ್ನು ಎಚ್.ಎಸ್. ಅನುಪಮಾ ಅವರ ಗದ್ಯದಲ್ಲಿ ಓದುವ ಹುಡುಗಿಗೆ, ತಾನು ಕುಳಿತಿರುವ ಬೆಂಚು ಎಷ್ಟು ಕಷ್ಟದಿಂದ ಬಂದುದೆಂಬುದು ತಿಳಿಯುತ್ತದೆ. ಆದರೆ ಬಂದ ಬಗೆ ಹೋದ ಬಗೆಯನ್ನೇ ಹೋಲುತ್ತದೆ. ಸಂಪುಟವು ಕೂಡಿತು, ನಿರ್ಣಯಿಸಿತು. ಯಾವ ಪಾಠವನ್ನು ಯಾವ ಆಧಾರದ ಮೇಲೆ ತೆಗೆದುದೆಂಬ ವಿಸ್ತಾರವಾದ ವಿವರಣೆಯು ಉಪಾಧ್ಯಾಯನ ಕೈಗೆ ಬರಲಿಲ್ಲ. ಮುಂದಿನ ಸಂಪುಟವು ಇದೇ ದಾರಿಯಿಂದ ಇವನ್ನು ತೆಗೆದುಹಾಕಬಹುದು. ಒಳ್ಳೆಯ ಪಾಠಕ್ಕೆ ಕೆಟ್ಟ ಬುನಾದಿಯನ್ನು ಹಾಕಿದಂತಾಯಿತು.

ಮಂಡ್ಯದ ಸೀಮೆಯಲ್ಲಿಯೇ ಇದಕ್ಕೆ ಪ್ರತಿಯಾದ ಉದಾಹರಣೆಯೊಂದುಂಟು. ಉರಿಗೌಡ, ನಂಜೇಗೌಡರೆಂಬ ಇಬ್ಬರು ಒಕ್ಕಲಿಗ ವೀರರು ಟಿಪ್ಪುವನ್ನು ಕೊಂದರೆಂಬ ಮಾತು ೨೦೨೩ರ ಮಾರ್ಚಿನಲ್ಲಿ ಇಲ್ಲಿ ಪ್ರಬಲವಾಗಿ, ಸ್ವಾಗತದ ಕಮಾನಿನವರೆಗೂ ಏರಿತು. ಚಲಚ್ಚಿತ್ರವೂ ಸಿದ್ಧವಾಗುವಂತೆ ಕಂಡಿತು. ಆಗ ಆದಿಚುಂಚನಗಿರಿಯ ನಿರ್ಮಲಾನಂದನಾಥ ಸ್ವಾಮಿಗಳು ಐತಿಹಾಸಿಕ ಆಧಾರಗಳು ದೊರೆಯದೆ ಮುಂದುವರಿಯಬಾರದೆಂದರು. ಚಿತ್ರದ ಯೋಚನೆ ನಿಂತಿತು. ತಮ್ಮವರಿಗೆ ಕೀರ್ತಿ ತರುವಂತೆ ತೋರುವ ಕಥೆಗೇ ಆಧಾರವನ್ನು ಕೇಳುವುದು ಸುಲಭವಲ್ಲ. ನೋವಿಗಾಗಿ ಸತ್ಯವನ್ನು ಬಿಡದಿರುವಂತೆ, ಹೆಮ್ಮೆಗಾಗಿ ಅಸತ್ಯವನ್ನು ಹಿಡಿಯದಿರುವ ಈ ಅಳತೆಯು ಪಠ್ಯಸಮಿತಿಗಳಿಗೂ ಸಲ್ಲಬೇಕು.

ಆದಕಾರಣ ನಮ್ಮ ಸೂಚನೆ ಇಷ್ಟು. ಶಾಲಾಪುಸ್ತಕದ ಪ್ರತಿಯೊಂದು ಪರಿಷ್ಕರಣಕ್ಕೂ ಒಂದು ಪಾಠಾಂತರ ಸೂಚಿಯನ್ನು ಸರ್ಕಾರವು ಪ್ರಕಟಿಸಬೇಕು: ಹಿಂದಿನ ವಾಕ್ಯ, ಇಂದಿನ ವಾಕ್ಯ, ಬದಲಿಸಿದವರು, ಆಧಾರ. ಅದು ಮಗುವಿನ ಕೈಗೆ ಬೇಕಿಲ್ಲ, ಉಪಾಧ್ಯಾಯನ ಮೇಜಿನ ಮೇಲಿದ್ದರೆ ಸಾಕು. ವಿಶ್ವವಿದ್ಯಾನಿಲಯಗಳೂ ಸಾಹಿತ್ಯ ಸಂಸ್ಥೆಗಳೂ ಪ್ರತಿಯೊಂದು ಆವೃತ್ತಿಯನ್ನು ಹಳೆಯ ಓಲೆಗರಿಯಂತೆ ಜೋಪಾನಮಾಡಿ ಇಡಬೇಕು. ಸರ್ಕಾರವು ಮಾಡದಿದ್ದರೆ ಈ ಸೂಚಿಯನ್ನು ನಾವೇ ಮಾಡಬಹುದು. ಪಾಠಶೋಧನೆಯು ನಮಗೆ ಬರುವ ವಿದ್ಯೆ.

ವೈದ್ಯನಾಥಪುರಕ್ಕೆ ದೂರವಲ್ಲದ ಶಿವಪುರದಲ್ಲಿ, ೧೯೩೮ರ ಏಪ್ರಿಲಿನಲ್ಲಿ, ಸರ್ಕಾರದ ನಿರ್ಬಂಧವನ್ನು ಮೀರಿ ಜನರು ಧ್ವಜವನ್ನು ಏರಿಸಿದರು. ಅಂದು ನಿಷಿದ್ಧವಾಗಿದ್ದುದು ಇಂದು ಮಕ್ಕಳ ಪಾಠ. ಇಂದು ಅಳಿಸಿದ ಸಾಲುಗಳಲ್ಲಿ ಯಾವುದು ನಾಳಿನ ಪಾಠವಾಗುವುದೋ ಹೇಳಲಾಗದು. ಅದಕ್ಕಾಗಿಯಾದರೂ ಅಳಿಸಿದ ಜಾಗದಲ್ಲಿ ಚುಕ್ಕಿಗಳನ್ನಿಡುವ ಶಿಸ್ತನ್ನು ನಾವು ಬಿಡಬಾರದು. ಈ ವಿಷಯವನ್ನು ವಿದ್ವಾಂಸರೂ ಅಧ್ಯಾಪಕ ಮಹಾಶಯರೂ ತಮ್ಮ ತಮ್ಮ ತರಗತಿಗಳ ಪುಸ್ತಕಗಳನ್ನು ಎದುರಿಗಿಟ್ಟುಕೊಂಡು ಪರಿಶೀಲಿಸಬೇಕೆಂದು ಪ್ರಾರ್ಥಿಸುತ್ತೇವೆ.